ಪೀಲಿಂಗ್ ಸೆಕ್ಷನ್ನಿನಲ್ಲಿ ನೀರು ಕುಡಿಯದ ವರ್ಷಗಳು

ಬೋಳಾರದಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯ ಹುಡುಗಿ ರಕ್ಷಿತಾ. ಓದು ಮುಗಿಸಿ ಈಚೆಗೆ ಬಜಪೆ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಸುಪರ್‌ವೈಸರ್ ಆಗಿ ಸೇರಿದ್ದಾಳೆ. ಹೋದ ತಿಂಗಳು ಒಂದು ಭಾನುವಾರ ನಮ್ಮಲ್ಲಿಗೆ ಬಂದು ಕುಳಿತವಳು, "ಶಾಂಭವಿ ಆಂಟಿ, ನೂರಿಪ್ಪತ್ತು ಹೆಂಗಸರನ್ನು ನೀವು ಹೇಗೆ ಸುಧಾರಿಸ್ತಾ ಇದ್ರಿ? ನನಗೆ ಮೂವತ್ತು ಜನರನ್ನು ನೋಡಿಕೊಳ್ಳುವಾಗಲೇ ತಲೆ ಕೆಟ್ಟು ಹೋಗ್ತದೆ," ಎಂದಳು.

"ಸ್ವಲ್ಪ ಸ್ಟ್ರಿಕ್ಟ್ ಆಗಿರಬೇಕು ಮಾರಾಯ್ತಿ. ಸಲಿಗೆ ಕೊಟ್ಟರೆ ತಲೆ ಮೇಲೆ ಕೂತುಕೊಳ್ತಾರೆ," ಎಂದು ಹೇಳಿ ಕಳಿಸಿದೆ.

ಅವಳು ಹೋದ ಮೇಲೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ನಾನು ಮೂವತ್ತೊಂದು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಬೀಳ್ಕೊಡುಗೆಯ ದಿನ ಎಲ್ಲರೂ ಹೊಗಳಿದ್ದು ನನ್ನ ಶಿಸ್ತನ್ನೇ. ಆ ಶಿಸ್ತಿನಿಂದ ಏನಾಯಿತು ಎಂಬುದನ್ನು ಆ ಹುಡುಗಿಗೆ ಹೇಳದೆ, ಅದನ್ನೇ ಅವಳ ಕೈಗೂ ಕೊಟ್ಟು ಕಳಿಸಿದೆನಲ್ಲ ಎಂದು ಅನಿಸಿತು. ಎದುರು ಕೂರಿಸಿಕೊಂಡು ಹೇಳುವ ಧೈರ್ಯ ನನಗಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಕನ್ನಡದಲ್ಲಿ ಬರೆಯುವಾಗ ಮಾತು ಒಂದಿಷ್ಟು ಅತ್ತಿತ್ತ ಆಗಿರಬಹುದು, ನಡೆದದ್ದು ಮಾತ್ರ ಹೀಗೆಯೇ.

ನಮ್ಮ ಕಾರ್ಖಾನೆ ಇದ್ದದ್ದು ಕೂಳೂರು ಸೇತುವೆಯಿಂದ ಸ್ವಲ್ಪ ಒಳಗೆ, ಹೊಳೆಯ ಬದಿಯಲ್ಲಿ. ಒಂದು ಕಡೆ ಬೀಜ ಬೇಯಿಸಿ ಒಡೆಯುತ್ತಿದ್ದರು. ಒಳಗಿನ ತಿರುಳನ್ನು ಬೋರ್ಮಾ ಎಂಬ ಬಿಸಿ ಕೋಣೆಯಲ್ಲಿಟ್ಟು ಒಣಗಿಸಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ತಿರುಳಿನ ಮೇಲಿನ ಕೆಂಪು ಸಿಪ್ಪೆಯನ್ನು ಉಗುರಿನಿಂದ, ಸಣ್ಣ ಚೂರಿಯಿಂದ ಬಿಡಿಸುವುದು ನಮ್ಮ ಪೀಲಿಂಗ್ ಸೆಕ್ಷನ್ನಿನ ಕೆಲಸ. ತಿರುಳು ತುಂಡಾಗಬಾರದು. ಕೂಲಿ ತೂಕದ ಮೇಲೆ. ಆದ್ದರಿಂದ ಎದ್ದು ಹೋದಷ್ಟು ಹೊತ್ತು ಅವರಿಗೇ ನಷ್ಟ.

ಒಣಗಿದ ತಿರುಳಿಗೆ ನೀರು ಆಗುವುದಿಲ್ಲ. ಒಂದು ಹನಿ ತಾಗಿದರೂ ಮೆತ್ತಗಾಗುತ್ತದೆ, ಸಿಪ್ಪೆ ಕಚ್ಚಿಕೊಳ್ಳುತ್ತದೆ, ಡಬ್ಬಿಯೊಳಗೆ ಬೂಷ್ಟು ಬರುತ್ತದೆ. ಹಾಗಾಗಿ ಒಳಗೆ ನೀರು ತರಬಾರದು ಎಂಬ ನಿಯಮ ನಾನು ಸೇರುವ ಮೊದಲೇ ಇತ್ತು. ಕುಡಿಯುವ ನೀರಿನ ಡ್ರಮ್ ಹೊರಗೆ ಜಗಲಿಯ ತುದಿಯಲ್ಲಿ. ಕಕ್ಕಸು ಬಾಯ್ಲರ್ ಶೆಡ್ಡಿನ ಹಿಂದೆ, ಎರಡೇ. ಅದರಲ್ಲಿ ಒಂದರ ಚಿಲಕ ಹಾಳಾಗಿತ್ತು, ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ಬಾಲ್ದಿಯಲ್ಲಿ ನೀರು ಹೊತ್ತುಕೊಂಡೇ ಹೋಗಬೇಕು. ಸಿಪ್ಪೆ ಹಾರುತ್ತದೆಂದು ಒಳಗೆ ಫ್ಯಾನ್ ಹಾಕುವಂತಿರಲಿಲ್ಲ. ಮೇಲೆ ಶೀಟಿನ ಮಾಡು. ಮಾರ್ಚ್ ಬಂತೆಂದರೆ ಮಧ್ಯಾಹ್ನ ಆ ಸೆಕೆಯಲ್ಲಿ ಸೀರೆಯ ಬೆನ್ನು ಪೂರ್ತಿ ಒದ್ದೆ.

ನಾನು ಸುಪರ್‌ವೈಸರ್ ಆದದ್ದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಪಿಯುಸಿ ಆಗಿತ್ತು, ಅಕ್ಷರ ಚೆನ್ನಾಗಿತ್ತು, ಸ್ವರ ದೊಡ್ಡದಿತ್ತು. ಅಷ್ಟೇ.

ನಾನು ಮಾಡಿದ ಮೊದಲ ತಪ್ಪು ಒಂದು ಮಳೆಗಾಲದ ಕೊನೆಯಲ್ಲಿ. ಹೊರದೇಶಕ್ಕೆ ಹೋಗಿದ್ದ ಕೆಲವು ಡಬ್ಬಿಗಳು ಬೂಷ್ಟು ಬಂದಿದೆ ಎಂದು ತಿರಸ್ಕೃತವಾದವು. ಅದೇ ವಾರ ಒಬ್ಬ ಹೆಂಗಸು ಸೆರಗಿನ ಅಡಿಯಲ್ಲಿ ನೀರಿನ ಬಾಟ್ಲಿ ತಂದಿದ್ದಳು. ಅದು ಉರುಳಿ ನೆಲ ಒದ್ದೆಯಾಯಿತು. ಮ್ಯಾನೇಜರ್ ಸಾರ್ ಎಲ್ಲರ ಎದುರು ನನ್ನನ್ನು ಕರೆದು, "ಎಂತ ಶಾಂಭವಿ, ನಿಮ್ಮ ಸೆಕ್ಷನ್ನಲ್ಲಿ ಹೇಳುವವರು ಕೇಳುವವರು ಯಾರೂ ಇಲ್ವಾ? ಇದು ಕಾರ್ಖಾನೆಯೋ ಮದುವೆ ಚಪ್ಪರವೋ?" ಎಂದರು. ಅವರು ಕೆಟ್ಟ ಮನುಷ್ಯ ಅಲ್ಲ. ಅವರಿಗೂ ಮೇಲಿನಿಂದ ಬೈಗುಳ ಬಿದ್ದಿತ್ತು. ಆದರೆ ನನಗೆ ಕಿವಿ ಬಿಸಿಯಾಯಿತು.

ಮರುದಿನ ಪ್ಯಾಕಿಂಗಿನ ಆಚಾರಿಯಿಂದ ಎರಡು ಮರದ ಬಿಲ್ಲೆ ಮಾಡಿಸಿದೆ. ಅಂಗೈಯಷ್ಟು ಅಗಲ, ಒಂದೊಂದಕ್ಕೂ ಹಗ್ಗ. ನನ್ನ ಮೇಜಿನ ಬದಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಯಾರು ಹೊರಗೆ ಹೋಗುವುದಿದ್ದರೂ, ನೀರು ಕುಡಿಯಲಿಕ್ಕಾಗಲಿ ಒಂದಕ್ಕಾಗಲಿ, ಬಿಲ್ಲೆ ತೆಗೆದುಕೊಂಡೇ ಹೋಗಬೇಕು. ಬಿಲ್ಲೆ ಹಿಂದೆ ಬಂದ ಮೇಲೆ ಇನ್ನೊಬ್ಬರು. ನೂರಿಪ್ಪತ್ತು ಹೆಂಗಸರಿಗೆ ಎರಡು ಬಿಲ್ಲೆ.

ಒಂದು ವಾರದಲ್ಲಿ ಜಗಲಿ ಖಾಲಿಯಾಯಿತು. ಮ್ಯಾನೇಜರ್ ಸಾರ್ ಬೇರೆ ಸೆಕ್ಷನ್ನಿನವರನ್ನು ಕರೆದುಕೊಂಡು ಬಂದು, "ನೋಡಿ, ತಲೆ ಉಪಯೋಗಿಸುವುದು ಅಂದ್ರೆ ಹೀಗೆ," ಎಂದು ತೋರಿಸಿದರು. ಆ ದಿನ ನಾನು ಎಷ್ಟು ಹಿಗ್ಗಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೆಂಗಸರು ಜಗಳ ಮಾಡಲಿಲ್ಲ. ನೀರು ಕುಡಿಯುವುದನ್ನು ಬಿಟ್ಟರು, ಅಷ್ಟೇ. ಬೆಳಿಗ್ಗೆ ಬರುವಾಗ ಚಹಾ ಬಿಟ್ಟರು. ಮನೆಯಿಂದ ತಂದ ಗಂಜಿಯ ತಿಳಿ ಚೆಲ್ಲಿ, ಅನ್ನ ಮಾತ್ರ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದರು. ಊಟ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು, ನುಂಗುತ್ತಿರಲಿಲ್ಲ. ಒಮ್ಮೆ ಒಬ್ಬಳು ನಗುತ್ತಲೇ ಹೇಳಿದ್ದಳು, "ಕುಡಿದರೆ ಅಲ್ವಾ ಅಕ್ಕ ಹೋಗ್ಲಿಕ್ಕೆ ಉಂಟು? ಕುಡಿಯದಿದ್ದರೆ ನಿಮಗೂ ತೊಂದರೆ ಇಲ್ಲ, ನಮಗೂ ಇಲ್ಲ." ನಾನೂ ನಕ್ಕೆ.

ಅವರಿಗೆ ಮಾದರಿಯಾಗಬೇಕೆಂದು ನಾನೂ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೀರು ಮುಟ್ಟುತ್ತಿರಲಿಲ್ಲ. ಅದು ನನ್ನ ದೊಡ್ಡಸ್ತಿಕೆಯಾಗಿತ್ತು. ದಿನಾ ಮೂರು ಗಂಟೆಗೆ ತಲೆನೋವು ಬರುತ್ತಿತ್ತು. ಸಿಪ್ಪೆಯ ಧೂಳಿನಿಂದ ಇರಬೇಕು ಎಂದುಕೊಳ್ಳುತ್ತಿದ್ದೆ. ತುಟಿ ಒಡೆಯುತ್ತಿತ್ತು, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ, ಎರಡಕ್ಕೆ ಹೋಗುವುದು ಎರಡು ಮೂರು ದಿನಕ್ಕೊಮ್ಮೆ ಮಾತ್ರ. ಇದಕ್ಕೆಲ್ಲ ನೀರೇ ಕಾರಣ ಎಂದು ನನಗೆ ತೋಚಲೇ ಇಲ್ಲ. ಮೇಜಿನ ಡ್ರಾವರಿನಲ್ಲಿ ನೋವಿನ ಮಾತ್ರೆಯ ಪಟ್ಟಿ ಇಟ್ಟುಕೊಂಡಿದ್ದೆ. ನಾನೊಂದು ನುಂಗುವಾಗ, "ಅಕ್ಕ, ನನಗೂ ತಲೆ ಸಿಡಿಯುತ್ತಾ ಉಂಟು," ಎಂದವರಿಗೂ ಕೊಡುತ್ತಿದ್ದೆ. ಸೊಂಟ ನೋವು ಎಂದವರಿಗೂ ಅದೇ. ಹೊರಗೆ ಹೋಗಲು ಬಿಡದ ನಾನು ಮಾತ್ರೆಯನ್ನು ಮಾತ್ರ ಕೇಳಿದವರಿಗೆಲ್ಲ ಧಾರಾಳವಾಗಿ ಕೊಟ್ಟೆ. ನನ್ನದು ಒಳ್ಳೆಯ ಮನಸ್ಸು ಎಂದೇ ಎಣಿಸಿಕೊಂಡಿದ್ದೆ.

ಬಿಲ್ಲೆ ಹಾಕಿದ ಎರಡು ವರ್ಷದ ಮೇಲೆ ಡಬ್ಬಿಯ ವಿಷಯ ತಿಳಿಯಿತು. ಡಬ್ಬಿಗೆ ಬೆಸುಗೆ ಹಾಕುತ್ತಿದ್ದ ಹಳೆಯ ಕೆಲಸಗಾರ ನಿವೃತ್ತನಾಗುವಾಗ ಮಾತಿಗೆ ಮಾತು ಬಂದು, "ಆ ಸಲದ ಬೂಷ್ಟು ನಿಮ್ಮ ಸೆಕ್ಷನ್ನಿನದ್ದಲ್ಲ ಅಕ್ಕ. ಬೆಸುಗೆಯಲ್ಲಿ ಸಣ್ಣ ತೂತು ಉಳಿದಿತ್ತು. ಸಾರಿಗೂ ಗೊತ್ತುಂಟು," ಎಂದ. ಹಾಗಾದರೆ ಬಿಲ್ಲೆ ತೆಗೆಯಬೇಕಿತ್ತು. ನಾನು ತೆಗೆಯಲಿಲ್ಲ. ಅಷ್ಟು ಹೊತ್ತಿಗೆ ಅದು ನೀರಿನ ಕಾರಣಕ್ಕೆ ಉಳಿದಿರಲಿಲ್ಲ. ಅದು ಇದ್ದರೆ ನನಗೆ ಸುಲಭವಾಗಿತ್ತು.

ಇನ್ನೊಂದು ಸಲ ತಪಾಸಣೆಗೆ ಅಧಿಕಾರಿಯೊಬ್ಬರು ಬರುತ್ತಾರೆಂದು ಮುಂಚೆಯೇ ಸುದ್ದಿ ಬಂತು. ಬಿಲ್ಲೆಗಳನ್ನು ಡ್ರಾವರಿಗೆ ಹಾಕಿದೆ. ಡ್ರಮ್ ತೊಳೆಸಿ, ಹೊಸ ಲೋಟ ಇಡಿಸಿ, ಜಗಲಿಯ ತುದಿಯಿಂದ ಬಾಗಿಲ ಹತ್ತಿರಕ್ಕೆ ತರಿಸಿದೆ. ಅಧಿಕಾರಿ, "ಕುಡಿಯಲಿಕ್ಕೆ ನೀರು ಉಂಟಾ?" ಎಂದು ಕೇಳಿದಾಗ ಹೆಂಗಸರೆಲ್ಲ, "ಉಂಟು," ಎಂದರು. ಆ ಒಂದು ದಿನ ಅವರು ಮನಸ್ಸು ಬಂದಷ್ಟು ಕುಡಿದರು, ಬೇಕಾದಾಗ ಎದ್ದು ಹೋಗಿ ಬಂದರು. ಸಂಜೆ ತೂಕ ಹಾಕುವಾಗ ನೋಡಿದರೆ ಕೆಲಸ ಕಡಿಮೆಯಾಗಿರಲಿಲ್ಲ, ತುಂಡಾದ ತಿರುಳು ಮಾತ್ರ ಕಡಿಮೆ ಇತ್ತು. ಪುಸ್ತಕದಲ್ಲಿ ಬರೆದವಳೂ ನಾನೇ. ಮರುದಿನ ಬೆಳಿಗ್ಗೆ ಡ್ರಮ್ ಹಿಂದೆ ಹೋಯಿತು, ಬಿಲ್ಲೆ ಮೊಳೆಗೆ ಬಂತು.

ಈಗ ಗುಲಾಬಿಯ ವಿಷಯ ಬರೆಯಬೇಕು.

ಗುಲಾಬಿ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ನನಗಿಂತ ಎಂಟು ವರ್ಷ ಸಣ್ಣವಳು. ಗಂಡ ಮೀನು ಹಿಡಿಯುವ ಬೋಟಿನಲ್ಲಿ ಹೋಗುತ್ತಿದ್ದ, ಒಬ್ಬಳೇ ಮಗಳು. ಅವಳ ಬೆರಳುಗಳು ಹೋಗುವುದು ಕಾಣುತ್ತಿರಲಿಲ್ಲ, ಬಿಳಿ ತಿರುಳು ಟ್ರೇಗೆ ಬೀಳುವುದು ಮಾತ್ರ ಕಾಣುತ್ತಿತ್ತು. ಮಾತು ಕಡಿಮೆ. ಬಿಲ್ಲೆ ಅತೀ ಕಡಿಮೆ ತೆಗೆದುಕೊಂಡವಳೂ ಅವಳೇ. ಹೊಸಬರು ಗೊಣಗಿದರೆ ನಾನು, "ಗುಲಾಬಿಯನ್ನು ನೋಡಿ ಕಲಿಯಿರಿ. ಬೆಳಿಗ್ಗೆ ಕೂತರೆ ಸಂಜೆಯೇ ಏಳುವುದು," ಎನ್ನುತ್ತಿದ್ದೆ.

ಅವಳಿಗೆ ಆಗಾಗ ಉರಿಮೂತ್ರ ಆಗುತ್ತಿತ್ತು. ನಮ್ಮಲ್ಲಿ ಅರ್ಧ ಹೆಂಗಸರಿಗೆ ಆಗುತ್ತಿತ್ತು, ಯಾರೂ ಅದನ್ನು ಕಾಯಿಲೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಉಷ್ಣ ಎನ್ನುತ್ತಿದ್ದರು. ಕೊತ್ತಂಬರಿ ಕುದಿಸಿದ ನೀರು, ಬೊಂಡದ ಎಳನೀರು, ಬಾರ್ಲಿ ಎಂದು ಒಬ್ಬರಿಗೊಬ್ಬರು ಮದ್ದು ಹೇಳಿಕೊಳ್ಳುತ್ತಿದ್ದರು. ನಾನೂ ಗುಲಾಬಿಗೆ, "ಮನೆಗೆ ಹೋದ ಮೇಲೆ ಬಾರ್ಲಿ ನೀರು ಕುಡಿ, ಮೈ ತಂಪಾಗ್ತದೆ," ಎಂದು ಹೇಳಿದ್ದೆ. ಹಗಲಿಡೀ ಒಂದು ಗುಟುಕು ಕುಡಿಯಲು ಬಿಡದವಳು ಮನೆಗೆ ಹೋಗಿ ಬಾರ್ಲಿ ಕುಡಿಯಲು ಹೇಳಿದೆ. ಸೊಂಟದ ಎಡಬದಿ ನೋವೆಂದು ಅವಳು ಎರಡು ವರ್ಷದಿಂದ ನನ್ನ ಹತ್ತಿರ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಕೂತು ಕೂತು ಎಲ್ಲರಿಗೂ ಸೊಂಟ ನೋಯುತ್ತದೆ ಎಂದು ನಾನು ಹೆಚ್ಚು ಕೇಳಲಿಲ್ಲ.

ಏಪ್ರಿಲ್ ಕೊನೆಯ ಒಂದು ದಿನ, ಮಧ್ಯಾಹ್ನದ ಊಟಕ್ಕೆ ಇನ್ನೂ ಒಂದು ಗಂಟೆ ಇರುವಾಗ, ಗುಲಾಬಿ ನನ್ನ ಮೇಜಿನ ಹತ್ತಿರ ಬಂದಳು. ಮೈ ತುಂಬ ಸೆರಗು ಹೊದ್ದುಕೊಂಡಿದ್ದಳು.

"ಅಕ್ಕ, ಚಳಿ ಆಗ್ತಾ ಉಂಟು. ಸೊಂಟ ಹಿಡಿದುಕೊಂಡಿದೆ. ಮನೆಗೆ ಹೋಗ್ತೇನೆ."

ಅವಳ ಅಕ್ಕನ ಮಗಳ ಮದುವೆ ಮುಂದಿನ ವಾರ ಇತ್ತು. ಮದುವೆ ಮನೆಯ ಕೆಲಸಕ್ಕೆ ನೆಪ ಹುಡುಕುತ್ತಿದ್ದಾಳೆ ಎಂದುಕೊಂಡೆ. "ಈ ಸೆಕೆಗೆ ಎಂತ ಚಳಿ ಗುಲಾಬಿ? ಕೈಯಲ್ಲಿದ್ದ ಟ್ರೇ ಮುಗಿಸಿ ಮತ್ತೆ ನೋಡುವ," ಎಂದು ಮಾತ್ರೆ ತೆಗೆದುಕೊಟ್ಟೆ.

ಬಿಲ್ಲೆ ಎರಡೂ ಹೊರಗೆ ಹೋಗಿದ್ದವು. ಅವಳು ಖಾಲಿ ಮೊಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮಾತ್ರೆಯನ್ನು ನೀರಿಲ್ಲದೆ ನುಂಗಿ ಹೋಗಿ ಕುಳಿತಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಟ್ರೇ ಬಿದ್ದ ಸದ್ದು ಕೇಳಿತು. ನಾನು ಎದ್ದು ಓಡಿದೆ. ಬರೆಯಬಾರದೆಂದುಕೊಂಡರೂ ಬರೆಯುತ್ತೇನೆ, ನನ್ನ ಕಣ್ಣು ಮೊದಲು ಹೋದದ್ದು ನೆಲದ ಮೇಲೆ ಚೆಲ್ಲಿದ ತಿರುಳಿನ ಕಡೆಗೆ. ಆಮೇಲೆ ಗುಲಾಬಿಯ ಕಡೆಗೆ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಮಾತು ತೊದಲುತ್ತಿತ್ತು.

ರಿಕ್ಷಾ ಮಾಡಿ ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ನೋಡಿದವರು ಸಣ್ಣ ಪ್ರಾಯದ ಡಾಕ್ಟರಮ್ಮ. ಸಲೈನ್ ಹಾಕಿಸಿ, ಪರೀಕ್ಷೆಗಳಿಗೆ ಕಳಿಸಿ, ಸಂಜೆಯ ಹೊತ್ತಿಗೆ ನನ್ನನ್ನು ಮಂಚದ ಹತ್ತಿರ ಕರೆದರು. ಗುಲಾಬಿಗೆ ಎಚ್ಚರ ಬಂದಿತ್ತು.

"ಇವರು ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದಾರೆ?"

"ಕುಡಿದ ಹಾಗೆ ಕಾಣುವುದಿಲ್ಲ ಡಾಕ್ಟ್ರೇ," ಎಂದೆ.

"ಮೂತ್ರ ಕಷಾಯದ ಬಣ್ಣಕ್ಕೆ ಬಂದಿದೆ. ಎರಡೂ ಕಿಡ್ನಿಯಲ್ಲಿ ಕಲ್ಲು ಉಂಟು. ಸೋಂಕು ಮೇಲಕ್ಕೆ ಹತ್ತಿದೆ. ಎಡಗಡೆಯ ಕಿಡ್ನಿ ಮೊದಲೇ ಕುಗ್ಗಿದೆ. ಇದು ಇವತ್ತು ನಿನ್ನೆಯದ್ದಲ್ಲ, ಎಷ್ಟೋ ವರ್ಷದ್ದು." ಆಮೇಲೆ ಸ್ವಲ್ಪ ತಾಳ್ಮೆಯಿಂದ ಬಿಡಿಸಿ ಹೇಳಿದರು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿರುವ ಲವಣ ಕಲ್ಲಾಗುತ್ತದೆ. ಬಂದದ್ದನ್ನು ಗಂಟೆಗಟ್ಟಲೆ ತಡೆದು ಹಿಡಿದರೆ ಸೋಂಕು ಅಲ್ಲೇ ಬೆಳೆಯುತ್ತದೆ. ಹೊರಗೆ ಸೆಕೆ, ಮೈಯಲ್ಲಿ ನೀರಿಲ್ಲ ಎಂದಾಗ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆ.

"ಮತ್ತೆ, ಇವರು ನೋವಿನ ಮಾತ್ರೆ ತುಂಬ ತೆಗೆದುಕೊಂಡ ಹಾಗೆ ಕಾಣ್ತದೆ. ನೀರಿಲ್ಲದ ಮೈಗೆ ಆ ಮಾತ್ರೆ ಬಿದ್ದರೆ ಕಿಡ್ನಿಗೆ ಇನ್ನೂ ಪೆಟ್ಟು. ಇದೊಂದೇ ಕಾರಣ ಅಂತ ನಾನು ಹೇಳುದಿಲ್ಲ. ಆದರೆ ಇದೆಲ್ಲ ಸೇರಿದೆ. ಕೆಲಸದ ಜಾಗದಲ್ಲಿ ಯಾಕೆ ಕುಡಿಯುದಿಲ್ಲ? ನೀರು ಇಲ್ವಾ?"

"ಉಂಟು. ಒಳಗೆ ತರಬಾರದು ಅಂತ ಕಂಪೆನಿಯ ರೂಲ್ಸ್," ಎಂದೆ. ಬಿಲ್ಲೆಯ ಮಾತು ಎತ್ತಲಿಲ್ಲ.

"ಮಾತ್ರೆ ಯಾರು ಕೊಟ್ಟದ್ದು?"

ಗುಲಾಬಿ ನನ್ನನ್ನೇ ನೋಡುತ್ತಿದ್ದಳು. ನಾನು ಡಾಕ್ಟರಮ್ಮನ ಕೈಯಲ್ಲಿದ್ದ ಕಾಗದ ನೋಡುತ್ತಾ ಹೇಳಿದೆ, "ಅವರೇ ಅಂಗಡಿಯಿಂದ ತೆಗೆದುಕೊಳ್ತಾರೆ ಡಾಕ್ಟ್ರೇ. ಹೇಳಿದರೆ ಕೇಳುದಿಲ್ಲ."

ಡಾಕ್ಟರಮ್ಮ ಗುಲಾಬಿಯ ಕಡೆ ತಿರುಗಿ, "ಹೌದಾ?" ಎಂದರು. ಗುಲಾಬಿ ಹೌದೆಂದು ತಲೆ ಆಡಿಸಿ ಕಣ್ಣು ಮುಚ್ಚಿಕೊಂಡಳು.

ಮರುದಿನವೇ ಬಿಲ್ಲೆ ಕಿತ್ತು ಎಸೆದೆ ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. ಮಾತ್ರೆಯ ಪಟ್ಟಿಯನ್ನು ಮಾತ್ರ ಯಾರಿಗೂ ಕಾಣದ ಹಾಗೆ ಮನೆಗೆ ತೆಗೆದುಕೊಂಡು ಹೋಗಿ ಬಿಸಾಡಿದೆ. ಬಿಲ್ಲೆ ತೆಗೆದರೆ ತಪ್ಪು ನನ್ನದು ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಹೆದರಿದೆ.

ಗುಲಾಬಿ ಎರಡು ತಿಂಗಳು ಬಿಟ್ಟು ಕೆಲಸಕ್ಕೆ ಬಂದಳು. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟು ಸೊರಗಿದ್ದಳು. ಗಂಟೆಗೊಮ್ಮೆ ನೀರು ಕುಡಿಯಲು ಡಾಕ್ಟರಮ್ಮ ಹೇಳಿದ್ದರಂತೆ. ಬಾಟ್ಲಿ ತಂದು ನಿಯಮದಂತೆ ಹೊರಗೆ ಜಗಲಿಯಲ್ಲಿ ಇಟ್ಟಿದ್ದಳು. ಮೊದಲ ಗಂಟೆಗೆ ಎದ್ದು ಬಂದಾಗ ಮೊಳೆ ಖಾಲಿ. ಅವಳು ನನ್ನ ಮೇಜಿನ ಬದಿಯಲ್ಲಿ ಗೋಡೆಗೆ ಒರಗಿ ಕಾದು ನಿಂತಳು. ಕೆಲಸ ಮಾಡುತ್ತಿದ್ದ ಹೆಂಗಸರ ಕೈ ಒಂದೊಂದಾಗಿ ನಿಂತಿತು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು.

"ಹೋಗು ಗುಲಾಬಿ, ಬಿಲ್ಲೆ ಬೇಡ," ಎಂದೆ. ಮತ್ತೆ, "ಇನ್ನು ಯಾರಿಗೂ ಬೇಡ," ಎಂದೆ. ಹೊರಗೆ ಹೋದವರು ಬಿಲ್ಲೆ ತಂದು ಕೊಟ್ಟಾಗ ಎರಡನ್ನೂ ಬಾಯ್ಲರಿನವನ ಕೈಗೆ ಕೊಟ್ಟು ಒಲೆಗೆ ಹಾಕಲು ಹೇಳಿದೆ. ಹನ್ನೊಂದು ವರ್ಷ ಅವು ಗೋಡೆಯಲ್ಲಿ ಇದ್ದವು.

ಆಮೇಲೆ ಮಾಡಿದ್ದು ಏನೂ ದೊಡ್ಡ ಕೆಲಸವಲ್ಲ. ಡ್ರಮ್ ಬಾಗಿಲ ಹೊರಗಡೆಯೇ ಬಂತು. ಪಕ್ಕದಲ್ಲಿ ಕೈ ಒರೆಸಲು ಒಣ ಬಟ್ಟೆ. ಕುಡಿದು, ಕೈ ಒರೆಸಿ ಒಳಗೆ ಬಂದರೆ ತಿರುಳಿಗೆ ಏನೂ ಆಗುತ್ತಿರಲಿಲ್ಲ. ಹತ್ತೂವರೆಗೆ ಮತ್ತು ಮೂರು ಗಂಟೆಗೆ ಎಲ್ಲರೂ ಒಟ್ಟಿಗೆ ಎದ್ದು ನೀರು ಕುಡಿಯುವುದೆಂದು ಮಾಡಿದೆ. ಯಾಕೆಂದರೆ ಒಬ್ಬಳೇ ಏಳಲು ಅವರಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಕಕ್ಕಸು ಹೆಚ್ಚು ಮಾಡಿಸಿ ಎಂದು ಮ್ಯಾನೇಜರ್ ಸಾರಿಗೆ ಹೇಳಿದಾಗ, "ಮುಂದಿನ ಸೀಸನಿಗೆ ನೋಡುವ," ಎಂದರು. ಮೂರು ಸೀಸನ್ ಹೋಯಿತು. ನಾನೂ ಬಾಯಿಬಿಟ್ಟು ಇನ್ನೊಮ್ಮೆ ಕೇಳಲಿಲ್ಲ. ಹಾಳಾದ ಚಿಲಕವನ್ನು ಮಾತ್ರ ಆಚಾರಿಯ ಹತ್ತಿರ ಹೇಳಿ ಸರಿಮಾಡಿಸಿದೆ. ಮೊದಲ ವರ್ಷವೇ ಮಾಡಿಸಬಹುದಿತ್ತು. ಅರ್ಧ ಗಂಟೆಯ ಕೆಲಸ.

ಮಧ್ಯಾಹ್ನದ ಮೇಲೆ ತುಂಡು ಜಾಸ್ತಿಯಾಗುವುದು ಹೆಂಗಸರ ಉದಾಸೀನದಿಂದ ಎಂದು ನಾವು ವರ್ಷಗಟ್ಟಲೆ ಬೈದಿದ್ದೆವು. ನೀರು ಸಿಕ್ಕಿದ ಮೇಲೆ ಆ ತುಂಡು ಇಳಿಯಿತು. ತಲೆ ತಿರುಗುವ ಹೆಂಗಸಿನ ಕೈಯಲ್ಲಿ ತಿರುಳು ಒಡೆಯದೆ ಇರುತ್ತದೆಯೇ? ನನ್ನ ಮೂರು ಗಂಟೆಯ ತಲೆನೋವೂ ಹೋಯಿತು.

ನಾನು ಬಿಡುವ ಹೊತ್ತಿಗೆ ಸಿಪ್ಪೆ ತೆಗೆಯುವ ಯಂತ್ರ ಬಂದಿತ್ತು. ಗಾಳಿಯ ಒತ್ತಡದಲ್ಲೇ ಮುಕ್ಕಾಲು ಸಿಪ್ಪೆ ಹೋಗುತ್ತದೆ, ಉಳಿದದ್ದನ್ನು ಬಿಡಿಸಲು ಮೂವತ್ತು ಜನ ಸಾಕು. ರಕ್ಷಿತಾ ಹೇಳುವಂತೆ ಅವಳಲ್ಲಿ ಈಗ ಒಳ್ಳೆಯ ಕಕ್ಕಸು ಉಂಟು, ತಣ್ಣನೆಯ ನೀರಿನ ಯಂತ್ರ ಉಂಟು. ಮೇಲೆ ಕ್ಯಾಮರಾವೂ ಉಂಟು. ಎದ್ದು ಹೋದವರು ಎಷ್ಟು ಹೊತ್ತಿಗೆ ಬಂದರು ಎಂದು ಕಾಣುತ್ತದಂತೆ. ಒಡಿಶಾ, ಅಸ್ಸಾಂ ಕಡೆಯ ಹುಡುಗಿಯರು ಬಾಟ್ಲಿ ತುಂಬಿಸಿ ತರುತ್ತಾರೆ, ತುಂಬಿದ ಬಾಟ್ಲಿಯನ್ನೇ ಹಿಂದೆ ಕೊಂಡೊಯ್ಯುತ್ತಾರೆ ಎಂದು ಅವಳೇ ಹೇಳಿದಳು, ಏನೂ ಅಲ್ಲದ ವಿಷಯವೆಂಬ ಹಾಗೆ. ರಕ್ಷಿತಾ, ಆ ಬಾಟ್ಲಿಗಳನ್ನು ನೋಡು. ಮೂರು ಗಂಟೆಗೆ ಯಾರಿಗೆ ತಲೆನೋವು ಬರುತ್ತದೆ, ಯಾರ ತುಟಿ ಒಡೆದಿದೆ, ಯಾರು ಊಟದ ಹೊತ್ತಿಗೆ ಬಾಯಿ ಮಾತ್ರ ಮುಕ್ಕಳಿಸುತ್ತಾರೆ, ನೋಡು. ಮೂತ್ರದ ಬಣ್ಣ ಕೇಳಲು ನಾಚಿಕೆಪಡಬೇಡ. ಮಾತ್ರೆಯನ್ನು ನಿನ್ನ ಕೈಯಿಂದ ಕೊಡಬೇಡ.

ಇಷ್ಟು ಬರೆದು ನಿಲ್ಲಿಸಿದೆ. ಗುಲಾಬಿಯ ವಿಷಯ ಅವಳನ್ನು ಕೇಳದೆ ಬರೆಯುವುದು ಸರಿಯಲ್ಲ ಎಂದು ಅನಿಸಿತು. ಕೆಲಸಕ್ಕೆ ಹಿಂದೆ ಬಂದ ಮೇಲೆ ಅವಳು ಇನ್ನೂ ನಾಲ್ಕು ವರ್ಷ ದುಡಿದಿದ್ದಳು. ಆಮೇಲೆ ಕಾಲು ಬಾತುಕೊಳ್ಳಲು ಶುರುವಾಗಿ ಕೆಲಸ ಬಿಟ್ಟಳು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆಂದು ಕೇಳಿದ್ದೆ. ನೋಡಲು ಒಮ್ಮೆಯೂ ಹೋಗಿರಲಿಲ್ಲ. ಮೊನ್ನೆ ಗುರುವಾರ ಬೆಳಿಗ್ಗೆ ಬಸ್ಸು ಹಿಡಿದು ಕೂಳೂರಿಗೆ ಹೋದೆ.

ಬಾಗಿಲು ತೆರೆದವಳು ಅವಳ ಮಗಳು. ಗುಲಾಬಿ ಕಿಟಕಿಯ ಬದಿಯ ಮಂಚದಲ್ಲಿ ಕೂತಿದ್ದಳು. ಮುಖ ಕಪ್ಪಾಗಿತ್ತು, ಕೈಯ ನರ ಹಗ್ಗದ ಹಾಗೆ ಉಬ್ಬಿತ್ತು. "ಬನ್ನಿ ಅಕ್ಕ. ಬಿಸಿಲಲ್ಲಿ ಬಂದ್ರಿ," ಎಂದು ಮಗಳಿಗೆ ಹೇಳಿ ಬೆಲ್ಲ, ನೀರು ತರಿಸಿದಳು. ತಟ್ಟೆಯಲ್ಲಿ ಬೆಲ್ಲದ ತುಂಡು, ದೊಡ್ಡ ಸ್ಟೀಲ್ ಲೋಟದ ತುಂಬ ನೀರು. ಅವಳ ಮಂಚದ ಹತ್ತಿರ ಸ್ಟೂಲಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಬಾಟ್ಲಿ ಇತ್ತು. ಅದರ ಮೈಗೆ ಪೆನ್ನಿನಲ್ಲಿ ಗೆರೆ ಎಳೆದಿತ್ತು.

"ಇದೆಂತ?" ಎಂದೆ.

"ನನ್ನ ಇವತ್ತಿನ ನೀರು. ಚಹಾ, ಗಂಜಿ ಎಲ್ಲ ಸೇರಿ ಇಷ್ಟೇ ಅಂತ ಡಾಕ್ಟರ್ ಹೇಳಿದ್ದು. ಈಗ ಕಿಡ್ನಿ ಹೊರಗೆ ಹಾಕುದಿಲ್ಲ ಅಲ್ವಾ, ಹೆಚ್ಚು ಕುಡಿದರೆ ಎದೆಯಲ್ಲಿ ನಿಲ್ತದೆ. ಬಾಯಿ ತುಂಬ ಒಣಗಿದರೆ ಒಂದು ತುಂಡು ಐಸ್ ಚೀಪ್ತೇನೆ."

ನನ್ನ ಲೋಟಕ್ಕೆ ಕೈ ಹಾಕಲು ನನಗೆ ಆಗಲಿಲ್ಲ. ಸ್ವಲ್ಪ ಹೊತ್ತು ಅವಳ ಮಗಳ ಕೆಲಸ, ಹಳೆಯ ಸೆಕ್ಷನ್ನಿನವರ ಸುದ್ದಿ ಎಂದು ಮಾತಾಡಿದೆವು. ಆಮೇಲೆ ಹೇಳಿದೆ, "ಗುಲಾಬಿ, ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳುವಾಗ ನಾನು ಸುಳ್ಳು ಹೇಳಿದೆ. ನೀನು ನನ್ನ ಮರ್ಯಾದೆ ಉಳಿಸಿದೆ. ಅದನ್ನು ನಾನು ಮರೆತಿಲ್ಲ."

ಅವಳು ಬಾಟ್ಲಿಯ ಗೆರೆಯ ಮೇಲೆ ಬೆರಳಾಡಿಸಿದಳು.

"ಮರ್ಯಾದೆಗೆ ಅಲ್ಲ ಅಕ್ಕ," ಎಂದಳು. "ನಿಮಗೆ ಹೆದರಿ. ಮಾತ್ರೆ ಇವರೇ ಕೊಟ್ಟದ್ದು ಅಂತ ಹೇಳಿದ್ದರೆ ನೀವು ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸ್ತಿದ್ರಾ?"

ಸೇರಿಸುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಅವಳ ದೊಡ್ಡ ಮನಸ್ಸು ಎಂದು ನಂಬಿ, ಅದರ ಮೇಲೆ ಒರಗಿ ಹಗುರವಾಗಿ ಇದ್ದುಬಿಟ್ಟಿದ್ದೆ.

ರಕ್ಷಿತಾಳ ವಿಷಯ ಹೇಳಿದೆ. ಬರೆಯುತ್ತಿದ್ದೇನೆ, ನಿನ್ನ ಹೆಸರು ಬೇಡವಾದರೆ ಬಿಡುತ್ತೇನೆ ಎಂದೆ.

"ಬರೆಯಿರಿ. ಹೆಸರು ಇರ್ಲಿ. ಆದರೆ ನನ್ನದು ಹಾಕಿದರೆ ನಿಮ್ಮದೂ ಹಾಕಿ. ಮಾತ್ರೆಯದ್ದೂ ಬರೆಯಿರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಆಯಾಸ ಇತ್ತು. ನಾನು ಹೊರಡಲು ಚೀಲ ತೆಗೆದುಕೊಂಡಾಗ ಅವಳು ತಟ್ಟೆಯ ಕಡೆ ನೋಡಿದಳು.

"ನೀರು ಹಾಗೆಯೇ ಉಂಟಲ್ಲ ಅಕ್ಕ. ಕುಡಿಯಿರಿ."

"ಬೇಡ ಗುಲಾಬಿ. ನೀನು ಹೀಗೆ ಇರುವಾಗ…"

"ಕುಡಿಯಿರಿ. ಬೇರೆಯವರು ಕುಡಿಯುವುದನ್ನು ನೋಡುವುದು ನನಗೆ ಇಷ್ಟ."

ನಾನು ಮತ್ತೆ ಕೂತು ಲೋಟ ಎತ್ತಿದೆ. ಅವಳು ಮುಂದಕ್ಕೆ ಬಾಗಿ, ಕಣ್ಣು ಕೀಳದೆ, ಒಂದೊಂದು ಗುಟುಕು ನನ್ನ ಗಂಟಲಲ್ಲಿ ಇಳಿಯುವುದನ್ನು ನೋಡುತ್ತಿದ್ದಳು. ಕೊನೆಯ ಹನಿಯವರೆಗೂ ಕುಡಿದೆ.